ಗೋಪುರದ ಜಗಳಕ್ಕೊಂದು ಅಳತೆಗೋಲು

ಮಹಾನಗರಗಳ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಸಭೆಗಳಲ್ಲಿ ಜಗಳಕ್ಕೆ ಕಾರಣಗಳು ಹೆಚ್ಚಿಲ್ಲ. ನೀರಿನ ಸರದಿ, ವಾಹನ ನಿಲ್ಲಿಸುವ ಜಾಗ, ಮೇಲ್ಮನೆಯಿಂದ ಇಳಿಯುವ ಸೋರಿಕೆ ಇವೆಲ್ಲ ಹಳೆಯವು. ಈ ಪಟ್ಟಿಗೆ ಕಳೆದೆರಡು ದಶಕಗಳಲ್ಲಿ ಬಂದು ಸೇರಿಕೊಂಡದ್ದು ಟೆರೇಸಿನ ಮೇಲಿನ ಮೊಬೈಲ್ ಗೋಪುರ. ಮುಂಬಯಿ, ಪುಣೆಗಳಲ್ಲಿರಲಿ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿರಲಿ, ನಮ್ಮ ಓದುಗರಲ್ಲಿ ಅನೇಕರು ಈ ಜಗಳದ ಒಂದಲ್ಲ ಒಂದು ಬದಿಯಲ್ಲಿ ಕುಳಿತವರೇ. ಒಂದು ಪಕ್ಷದವರು ಬಾಡಿಗೆಯ ಲೆಕ್ಕ ಓದುತ್ತಾರೆ. ಲಿಫ್ಟಿನ ದುರಸ್ತಿ, ಗೋಡೆಯ ಬಣ್ಣ, ಕಾವಲುಗಾರರ ಸಂಬಳ ಎಲ್ಲವೂ ಅದರಲ್ಲಿ ನಡೆದುಹೋಗುತ್ತದೆ ಎನ್ನುತ್ತಾರೆ. ಇನ್ನೊಂದು ಪಕ್ಷದವರು ವಾಟ್ಸಾಪಿನಲ್ಲಿ ಬಂದ ಬರೆಹವನ್ನು ಗಟ್ಟಿಯಾಗಿ ಓದುತ್ತಾರೆ. ಕಂಪನಿಯ ಪ್ರತಿನಿಧಿ ಒಂದು ಪ್ರಮಾಣಪತ್ರವನ್ನು ಎತ್ತಿ ತೋರಿಸಿ, ಎಲ್ಲವೂ ಮಿತಿಯೊಳಗೇ ಇದೆಯೆಂದು ಹೇಳಿ ಹೊರಟುಹೋಗುತ್ತಾರೆ. ಆ ಮಿತಿ ಎಷ್ಟು, ನಮ್ಮ ಬಾಲ್ಕನಿಯಲ್ಲಿ ಇರುವುದೆಷ್ಟು ಎಂಬ ಎರಡು ಅಂಕಿಗಳು ಮಾತ್ರ ಸಭೆ ಮುಗಿಯುವವರೆಗೂ ಯಾರ ಬಾಯಿಂದಲೂ ಹೊರಡುವುದಿಲ್ಲ.

ಎರಡೂ ಪಕ್ಷಗಳು ನಮ್ಮಿಂದ ಕೇಳುವುದು ನಂಬಿಕೆಯನ್ನು. ಒಬ್ಬರು ಭಯವನ್ನು ನಂಬಿ ಎನ್ನುತ್ತಾರೆ, ಇನ್ನೊಬ್ಬರು ಮುದ್ರೆಯನ್ನು ನಂಬಿ ಎನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ವಿಷಯಕ್ಕೆ ನಂಬಿಕೆಯ ಅಗತ್ಯ ಅಷ್ಟಾಗಿ ಇಲ್ಲ. ರೇಡಿಯೋ ಅಲೆಯ ಬಲವನ್ನು ಅಳೆಯುವ ಉಪಕರಣವನ್ನು ಮನೆಯ ಮೇಜಿನ ಮೇಲೆ, ಬೆಸುಗೆಯ ಕಡ್ಡಿ ಹಿಡಿದು, ನಾವೇ ಮಾಡಿಕೊಳ್ಳಬಹುದು. ಮನೆಮಂದಿಯೆಲ್ಲ ಒಂದು ಸಂಜೆ ಒಳ್ಳೆಯ ಹೋಟೆಲಿಗೆ ಹೋಗಿಬಂದರೆ ಆಗುವ ಖರ್ಚಿನಲ್ಲಿ ಅದು ಮುಗಿಯುತ್ತದೆ. ಅಂಗಡಿಯಿಂದ ಕೊಂಡು ತರುವುದಕ್ಕಿಂತ ಕೈಯಾರೆ ಮಾಡುವುದೇ ಮೇಲೆಂದು ನಾವು ವಾದಿಸುತ್ತೇವೆ. ಅದಕ್ಕೆ ಕಾರಣ ಹಣದ ಉಳಿತಾಯವಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಸಾಹಿತ್ಯದ ಬಳಗಕ್ಕೇಕೆ ಈ ಉಸಾಬರಿ ಎಂದು ಕೇಳುವವರಿಗೆ ಮೊದಲು ಒಂದು ಪದದ ಕಡೆ ಬೆರಳು ತೋರಿಸಬೇಕು. ಕನ್ನಡ ಪತ್ರಿಕೆಗಳಲ್ಲಿ ಗೋಪುರದಿಂದ ಹೊರಡುವುದಕ್ಕೂ ‘ವಿಕಿರಣ’ ಎನ್ನುತ್ತಾರೆ, ಎಕ್ಸ್-ರೇ ಯಂತ್ರದಿಂದ ಹೊರಡುವುದಕ್ಕೂ ‘ವಿಕಿರಣ’ ಎನ್ನುತ್ತಾರೆ, ಚೆರ್ನೋಬಿಲ್‌ನಲ್ಲಿ ಸೋರಿದ್ದಕ್ಕೂ ಅದೇ ಪದ. ಇಂಗ್ಲಿಷಿನಲ್ಲಿಯೂ ಈ ತೊಡಕು ಇದೆಯೆನ್ನುವುದು ನಿಜ. ಆದರೆ ಕನ್ನಡದಲ್ಲಿ ಅದನ್ನು ಬಿಡಿಸುವ ಪ್ರಯತ್ನ ಇನ್ನೂ ಕಡಿಮೆ. 900 ಮೆಗಾಹರ್ಟ್ಸ್ ಕಂಪನಾಂಕದ ಅಲೆಯ ಒಂದು ಕಣಕ್ಕೆ, ಅಂದರೆ ಒಂದು ಫೋಟಾನಿಗೆ, ಇರುವ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದ ನಾಲ್ಕು ಭಾಗಕ್ಕಿಂತಲೂ ಕಡಿಮೆ. ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯಲು ಹಲವು ಎಲೆಕ್ಟ್ರಾನ್ ವೋಲ್ಟುಗಳು ಬೇಕು. ಎಕ್ಸ್-ರೇ ಆ ಕೆಲಸ ಮಾಡುತ್ತದೆ. ರೇಡಿಯೋ ಅಲೆ ಮಾಡಲಾರದು. ಅದು ಮಾಡುತ್ತದೆಂದು ಖಚಿತವಾಗಿ ತಿಳಿದಿರುವುದು ಬಿಸಿಮಾಡುವ ಕೆಲಸವನ್ನು. ಹೀಗೆ ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿದ್ದಾಗ, ಭಯಪಡುವವನನ್ನು ದೂರಿ ಪ್ರಯೋಜನವಿಲ್ಲ. ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕೂತು ಬರೆದ ಭಾಷೆಯಲ್ಲಿ ಇಷ್ಟು ಭೇದ ಮಾಡಲು ಪದ ಸಿಗದೆ ಇರದು. ಈ ಲೇಖನದಲ್ಲಿ ನಾವು ‘ರೇಡಿಯೋ ಅಲೆ’ ಎಂದೇ ಬರೆಯುತ್ತೇವೆ.

ಅಳೆಯುವುದು ಎಂದರೆ ಇಲ್ಲಿ ಏನು? ಆಂಟೆನಾ ಒಂದು ಸಣ್ಣ ಬಲೆಯಿದ್ದಂತೆ; ಅದರ ಮೇಲೆ ಬಿದ್ದ ಅಲೆಯಿಂದ ಒಂದಿಷ್ಟು ವಿದ್ಯುತ್ ಸಾಮರ್ಥ್ಯ ತಂತಿಯೊಳಗೆ ಇಳಿಯುತ್ತದೆ. ಅದು ಎಷ್ಟು ಮಿಲಿವಾಟ್ ಎಂದು ಕಂಡುಕೊಳ್ಳುವುದೇ ಕೆಲಸ. ತೊಡಕು ಇರುವುದು ಅಂಕಿಗಳ ಹರವಿನಲ್ಲಿ. ಬಲವಾದ ಅಲೆ ಕೆಲವು ಮಿಲಿವಾಟ್ ಕೊಟ್ಟರೆ, ಫೋನು ಕೇಳಿಸಿಕೊಳ್ಳುವ ಕ್ಷೀಣ ಅಲೆ ಅದರ ಸಾವಿರಾರು ಕೋಟಿಯ ಒಂದು ಪಾಲು. ಪಾವು, ಸೇರು, ಕೊಳಗ ಎಂದು ಒಂದರ ಪಕ್ಕ ಒಂದಿಟ್ಟು ಅಳೆಯುವ ಕ್ರಮ ಇಲ್ಲಿ ಸೋಲುತ್ತದೆ. ಆದ್ದರಿಂದ ಡೆಸಿಬೆಲ್ ಬಂತು. ಸಂಗೀತ ಬಲ್ಲವರಿಗೆ ಈ ಲೆಕ್ಕ ಕಿವಿಯಲ್ಲಿಯೇ ಇದೆ. ಮಂದ್ರದ ಷಡ್ಜದಿಂದ ಮಧ್ಯದ ಷಡ್ಜಕ್ಕೆ, ಅಲ್ಲಿಂದ ತಾರಕ್ಕೆ ಏರುವಾಗ ಕಂಪನಾಂಕ ಪ್ರತಿ ಸಲವೂ ಇಮ್ಮಡಿಯಾಗುತ್ತದೆ. ಕಿವಿಗೆ ಮಾತ್ರ ಎರಡೂ ಸಮನಾದ ಹೆಜ್ಜೆಗಳು. ಡೆಸಿಬೆಲ್ ಕೂಡ ಗುಣಾಕಾರವನ್ನು ಹೆಜ್ಜೆಯಾಗಿಸುತ್ತದೆ. 10 ಡೆಸಿಬೆಲ್ ಏರಿದರೆ ಹತ್ತು ಪಟ್ಟು, 3 ಏರಿದರೆ ಸುಮಾರು ಎರಡು ಪಟ್ಟು. ಒಂದು ಮಿಲಿವಾಟನ್ನು ಸೊನ್ನೆಯೆಂದು ಹಿಡಿದು ಎಣಿಸುವುದಕ್ಕೆ ಡಿಬಿಎಂ ಎಂದು ಹೆಸರು. 10 ಮಿಲಿವಾಟ್ ಎಂದರೆ +10 ಡಿಬಿಎಂ. ಮಿಲಿವಾಟಿನ ಸಾವಿರದ ಒಂದು ಪಾಲು −30 ಡಿಬಿಎಂ. ಇಷ್ಟು ತಿಳಿದರೆ ಮುಂದಿನದಕ್ಕೆ ಸಾಕು.

ಅಳೆಯುವ ಉಪಕರಣವನ್ನು ತಾನೇ ಮಾಡಿಕೊಳ್ಳುವುದು ಬಡವರ ಉಪಾಯ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಈ ವಿದ್ಯೆಯ ಮೊದಲಿಗರೆಲ್ಲ ಹಾಗೆಯೇ ಮಾಡಿದವರು. ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ 5 ಮಿಲಿಮೀಟರಿನಷ್ಟು ಸಣ್ಣ ತರಂಗಾಂತರದ ಅಲೆಗಳನ್ನು ಹುಟ್ಟಿಸಿ ಅಳೆದದ್ದು ತಮ್ಮ ಕಣ್ಣೆದುರಿಗೇ ಮಾಡಿಸಿಕೊಂಡ ಉಪಕರಣಗಳಿಂದ; ಅವರ ಗೆಲೀನಾ ಹರಳಿನ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೆ ಕೊಟ್ಟ ಮೈಸೂರಿನ ಕೇಂದ್ರ 1935ರಲ್ಲಿ ಆರಂಭವಾದದ್ದು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ. ರೇಡಿಯೋ ಕನ್ನಡಿಗರಿಗೆ ಮೊದಲು ಬಂದದ್ದೇ ಒಬ್ಬ ಮೇಷ್ಟರ ಸ್ವಂತ ಉತ್ಸಾಹದಿಂದ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

ನಮ್ಮ ಕಾಲದ ಮನೆಮಾಡಿದ ಮೀಟರಿಗೆ ಮೂಲಪುರುಷರು ಇಬ್ಬರು ಅಮೆರಿಕನ್ನರು. ವೆಸ್ ಹೇವರ್ಡ್ ಮತ್ತು ಬಾಬ್ ಲಾರ್ಕಿನ್ ಎಂಬ ಹವ್ಯಾಸಿಗಳು 2001ರ ಜೂನ್ ತಿಂಗಳ ‘ಕ್ಯೂಎಸ್‌ಟಿ’ ಪತ್ರಿಕೆಯಲ್ಲಿ ಒಂದು ಸರಳ ರೇಡಿಯೋ ಸಾಮರ್ಥ್ಯ ಮಾಪಕದ ವಿನ್ಯಾಸವನ್ನು ಪ್ರಕಟಿಸಿದರು. ಅದರ ಎದೆಯಲ್ಲಿರುವುದು ಎಡಿ 8307 ಎಂಬ ಎಂಟು ಕಾಲಿನ ಚಿಪ್ಪು. ಒಳಗೆ ಬಂದ ಸಿಗ್ನಲ್ ಒಂದು ಡೆಸಿಬೆಲ್ ಏರಿದರೆ ಹೊರಗಿನ ವೋಲ್ಟೇಜ್ 25 ಮಿಲಿವೋಲ್ಟ್ ಏರುತ್ತದೆ. ಸುಮಾರು 90 ಡೆಸಿಬೆಲ್‌ಗಳ ಹರವಿನುದ್ದಕ್ಕೂ ಹೀಗೆಯೇ. ಅಂದರೆ ನೂರು ಕೋಟಿ ಪಟ್ಟಿನ ಅಂತರವನ್ನು ವಿದ್ಯುತ್ ಕೆಲಸದವನ ಕೈಚೀಲದಲ್ಲಿರುವ ಸಾಧಾರಣ ಮಲ್ಟಿಮೀಟರ್ ಓದಿ ಹೇಳಬಲ್ಲದು. ಹೈದರಾಬಾದಿನ ಓದುಗರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ: ‘ಬಿಟ್‌ಎಕ್ಸ್’ ರೇಡಿಯೋದಿಂದ ಜಗತ್ತಿನ ಹವ್ಯಾಸಿಗಳೆಲ್ಲರಿಗೂ ಪರಿಚಿತರಾದ ಅಶ್‌ಹರ್ ಫರ್ಹಾನ್ ಅವರು ಇದೇ ಚಿಪ್ಪನ್ನು ಬಳಸಿ ‘ಸ್ವೀಪರಿನೋ’, ‘ಆಂಟುಯಿನೋ’ ಎಂಬ ಅಳತೆಯ ಉಪಕರಣಗಳನ್ನು ರೂಪಿಸಿ, ಅವುಗಳ ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ.

ಸಾಮಾನು ತರಲು ದೂರ ಹೋಗಬೇಕಾಗಿಲ್ಲ. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಪುಣೆಯಲ್ಲಿ ಬುಧವಾರ ಪೇಟೆಯ ತಾಪಕೀರ ಗಲ್ಲಿ, ಹೈದರಾಬಾದಿನಲ್ಲಿ ಕೋಠಿಯ ಗುಜರಾತಿ ಗಲ್ಲಿ, ದಿಲ್ಲಿಯಲ್ಲಿ ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರುಕಟ್ಟೆ. ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ಹೇಗೂ ಇದೆ. ಈ ಬೀದಿಗಳ ಬಗ್ಗೆಯೇ ಯಾರಾದರೂ ಒಂದು ಲೇಖನ ಬರೆಯಬೇಕು. ಕಾಲೇಜು ಮೆಟ್ಟಿಲು ಹತ್ತದೆ ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ನೋಡಿದ ಕೂಡಲೇ ಅದರ ಬೆಲೆ, ಗುಣ ಎರಡನ್ನೂ ಹೇಳುವ ಹುಡುಗರು ಅಲ್ಲಿದ್ದಾರೆ.

ಮಾಡುವ ಕೆಲಸದಲ್ಲಿ ಬುದ್ಧಿಗೆ ರುಚಿಸುವ ಸಣ್ಣಸಣ್ಣ ಸಂಗತಿಗಳು ಎದುರಾಗುತ್ತವೆ. ರೇಡಿಯೋ ಅಳತೆಯೆಲ್ಲ 50 ಓಮ್ ಎಂಬ ಒಂದು ಒಪ್ಪಂದದ ಮೇಲೆ ನಿಂತಿದೆ. ಆದರೆ ಎಡಿ 8307ರ ಬಾಯಿಗೆ ಅಡ್ಡಲಾಗಿ ಹಾಕುವ ರೆಸಿಸ್ಟರ್ 50 ಓಮಿನದಲ್ಲ, 52.3 ಓಮಿನದು. ಏಕೆಂದರೆ ಚಿಪ್ಪಿಗೆ ತನ್ನದೇ ಆದ 1100 ಓಮಿನ ಪ್ರತಿರೋಧವಿದೆ. ಎರಡೂ ಸಮಾಂತರವಾಗಿ ಸೇರಿದಾಗ 50 ಆಗುತ್ತದೆ. ಇಡೀ ಜೋಡಣೆಯನ್ನು ತಗಡಿನ ಡಬ್ಬಿಯೊಳಗೆ ಕೂರಿಸಿ ಅಂಚುಗಳನ್ನೆಲ್ಲ ಬೆಸೆಯಬೇಕು. ಬಿಸ್ಕತ್ತಿನ ಹಳೆಯ ಡಬ್ಬಿಯ ತಗಡು ಇದಕ್ಕೆ ಹೇಳಿಮಾಡಿಸಿದಂತಿದೆ. ಡಬ್ಬಿ ಇಲ್ಲದಿದ್ದರೆ ಆಂಟೆನಾ ತೆಗೆದಮೇಲೂ ಮೀಟರ್ ಏನನ್ನೋ ಓದುತ್ತಲೇ ಇರುತ್ತದೆ: ಪಕ್ಕದ ಎಫ್‌ಎಂ ಕೇಂದ್ರ, ಎಲ್‌ಇಡಿ ದೀಪದೊಳಗಿನ ಗದ್ದಲ, ಎಲ್ಲವೂ ಬರಿಯ ತಂತಿಗಳ ಮೂಲಕವೇ ಒಳಗೆ ನುಗ್ಗುತ್ತವೆ. ಈ ಚಿಪ್ಪಿಗೆ ಆಯ್ಕೆಯೆಂಬುದಿಲ್ಲ. ಬಂದದ್ದನ್ನೆಲ್ಲ ಒಟ್ಟಿಗೆ ಕೂಡಿಸಿ ಒಂದೇ ಅಂಕಿ ಹೇಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೀಟರ್ ಹೇಳುವ ಅಂಕಿ ನಿಜವೆಂದು ತಿಳಿಯುವುದು ಹೇಗೆ? ಅಂಗಡಿಯ ಮೀಟರ್ ಕೊಂಡವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಪೆಟ್ಟಿಗೆಯ ಮೇಲೆ ಹಸಿರು, ಹಳದಿ, ಕೆಂಪು ದೀಪಗಳಿರುತ್ತವೆ, ಕೆಂಪು ಎಲ್ಲಿಂದ ಶುರುವಾಗಬೇಕೆಂದು ಮಾರುವವನೇ ತೀರ್ಮಾನಿಸಿರುತ್ತಾನೆ. ಫೋನಿನ ‘ರೇಡಿಯೇಷನ್ ಡಿಟೆಕ್ಟರ್’ ಆಪ್‌ಗಳ ಕಥೆ ಇನ್ನೂ ಸ್ವಾರಸ್ಯದ್ದು. ಅವುಗಳಲ್ಲಿ ಹೆಚ್ಚಿನವು ಓದುವುದು ದಿಕ್ಕು ತೋರಿಸಲೆಂದು ಫೋನಿನಲ್ಲಿಟ್ಟಿರುವ ಕಾಂತಸಂವೇದಕವನ್ನು. ಕಬ್ಬಿಣದ ಕಪಾಟಿನ ಪಕ್ಕ ಹಿಡಿದರೆ ಮುಳ್ಳು ಹಾರುತ್ತದೆ. ಗೋಪುರಕ್ಕೂ ಅದಕ್ಕೂ ಸಂಬಂಧವಿಲ್ಲ. ಮೀಟರನ್ನು ತಾನೇ ಮಾಡಿದವನಿಗೆ ಮಾತ್ರ ಅದು ತಾನಾಗಿ ಯಾವ ಸತ್ಯವನ್ನೂ ಹೇಳದೆಂದು ಮೊದಲ ದಿನದಿಂದಲೇ ಗೊತ್ತಿರುತ್ತದೆ. ತಿಳಿದ ಒಂದು ಅಂಕಿಯ ಪಕ್ಕದಲ್ಲಿ ಅದನ್ನು ನಿಲ್ಲಿಸಬೇಕಾಗುತ್ತದೆ. ಆ ತಿಳಿದ ಅಂಕಿಯನ್ನು ಎಲ್ಲಿಂದ ತರುವುದು?

ನಮಗೆ ಬಹಳ ಇಷ್ಟವಾದ ಉತ್ತರ ಶಾಖದ್ದು. 50 ಓಮ್ ರೆಸಿಸ್ಟರಿಗೆ 5 ವೋಲ್ಟಿನ ನೇರ ವಿದ್ಯುತ್ ಕೊಟ್ಟರೆ ಅದರಲ್ಲಿ ಅರ್ಧ ವಾಟ್ ಶಾಖ ಹುಟ್ಟುತ್ತದೆ. ಇದನ್ನು ಮಲ್ಟಿಮೀಟರ್ ಒಂದರಿಂದಲೇ ಖಚಿತವಾಗಿ ಹೇಳಬಹುದು. ಅದೇ ರೆಸಿಸ್ಟರಿಗೆ, ಅದೇ ಡಬ್ಬಿಯೊಳಗೆ, ರೇಡಿಯೋ ವಿದ್ಯುತ್ ಹಾಯಿಸಿದಾಗಲೂ ಅಷ್ಟೇ ಬಿಸಿಯಾದರೆ ಆ ರೇಡಿಯೋ ಸಾಮರ್ಥ್ಯವೂ ಅರ್ಧ ವಾಟ್. ಕಂಪನಾಂಕ ಏನೇ ಇರಲಿ, ಶಾಖಕ್ಕೆ ಅದರ ಹಂಗಿಲ್ಲ. ದೊಡ್ಡ ಪ್ರಯೋಗಾಲಯಗಳ ಮಾನಕ ಮಾಪಕಗಳು ನಿಂತಿರುವುದೂ ಇದೇ ತತ್ವದ ಮೇಲೆ. ಅಡುಗೆಮನೆಯ ಮೇಜಿನಿಂದ ರಾಷ್ಟ್ರೀಯ ಪ್ರಯೋಗಾಲಯದವರೆಗೆ ಒಂದೇ ತರ್ಕ ಹರಿದಿರುವುದನ್ನು ಕಂಡಾಗ ಆಗುವ ಸಂತೋಷ ಒಳ್ಳೆಯ ಪದ್ಯ ಓದಿದಾಗಿನ ಸಂತೋಷಕ್ಕಿಂತ ಬೇರೆಯದಲ್ಲ.

ಸಣ್ಣ ಮಟ್ಟಗಳಿಗೆ ಇನ್ನೊಂದು ದಾರಿಯಿದೆ. ಒಂದು ಮಿಲಿವಾಟ್ 50 ಓಮಿನಲ್ಲಿ ಹರಿದಾಗ ಅಲೆಯ ಶಿಖರದಿಂದ ಕಣಿವೆಯವರೆಗೆ 0.63 ವೋಲ್ಟ್ ಇರುತ್ತದೆ. ಸ್ಫಟಿಕದ ಒಂದು ಪುಟ್ಟ ಆಸಿಲೇಟರ್ ಕಟ್ಟಿ, ಕಾಲೇಜಿನಲ್ಲೋ ರಿಪೇರಿ ಅಂಗಡಿಯಲ್ಲೋ ಇರುವ ಆಸಿಲೋಸ್ಕೋಪಿನಲ್ಲಿ ಆ ಎತ್ತರಕ್ಕೆ ಹೊಂದಿಸಿದರೆ ಸೊನ್ನೆ ಡಿಬಿಎಂ ಸಿದ್ಧ. ಮೂರು ರೆಸಿಸ್ಟರುಗಳ ಒಂದು ತಡೆಯನ್ನು, ಎರಡು ಪಕ್ಕದಲ್ಲಿ 61 ಓಮ್, ನಡುವೆ 248 ಓಮ್ ಸುಮಾರಿನವನ್ನು ಜೋಡಿಸಿ, ಮಧ್ಯೆ ಇಟ್ಟರೆ ಸಿಗ್ನಲ್ 20 ಡೆಸಿಬೆಲ್ ಇಳಿಯುತ್ತದೆ. ಈಗ ಎರಡು ಓದುಗಳು ನಮ್ಮ ಕೈಯಲ್ಲಿವೆ. ಅವೆರಡರ ನಡುವೆ ಅರ್ಧ ವೋಲ್ಟಿನ ವ್ಯತ್ಯಾಸ ಬರಬೇಕು. ಬಂದರೆ ಚಿಪ್ಪು, ತಡೆ, ಸ್ಕೋಪು ಮೂರೂ ಒಂದರ ಮಾತನ್ನು ಇನ್ನೊಂದು ಒಪ್ಪಿದವು. ಬಾರದಿದ್ದರೆ ಮೂವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಹುಡುಕಬೇಕು. ಕೈಯಾರೆ ಮಾಡುವುದೇ ಮೇಲೆಂದು ನಾವು ಮೊದಲು ಹೇಳಿದ್ದು ಈ ಹುಡುಕಾಟಕ್ಕಾಗಿ. ಅದರ ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು ಮೀಟರ್ ಒಂದೇ ಅಲ್ಲ, ಅದು ಎಷ್ಟು ತಪ್ಪಬಲ್ಲದು ಎಂಬ ಲೆಕ್ಕವೂ ಉಳಿಯುತ್ತದೆ. ಸಭೆಯಲ್ಲಿ ಮಾತಾಡುವವನಿಗೆ ಎರಡನೆಯದೇ ಹೆಚ್ಚು ಬೇಕಾದದ್ದು.

ಎಡಿ 8307ರ ಓಟ 500 ಮೆಗಾಹರ್ಟ್ಸಿಗೆ ಮುಗಿಯುತ್ತದೆ. ಮೊಬೈಲಿನ ಅಲೆಗಳಿಗೆ ಅದು ಸಾಲದು. ಅದರ ದಾಯಾದಿಯಾದ ಎಡಿ 8318 ಎಂಟು ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಇದರಲ್ಲಿ ಸಿಗ್ನಲ್ ಏರಿದಂತೆ ವೋಲ್ಟೇಜ್ ಇಳಿಯುತ್ತದೆಂಬುದನ್ನು ನೆನಪಿಡಬೇಕು. ಇದನ್ನು ಕೂರಿಸಿದ ಸಿದ್ಧ ಹಲಗೆಗಳು ಸಿಗುತ್ತವೆ. ಎಂಟೆಂಟು ಸೆಂಟಿಮೀಟರಿನ ಎರಡು ತಂತಿಗಳನ್ನು ಎದುರುಬದುರಾಗಿ ನಿಲ್ಲಿಸಿದರೆ 900 ಮೆಗಾಹರ್ಟ್ಸಿನ ಆಂಟೆನಾ ಆಯಿತು. ಈ ಕಂಪನಾಂಕದಲ್ಲಿ ಸಾಧಾರಣ ಸ್ಕೋಪು ಕೈಕೊಡುತ್ತದೆ. ಎಡಿಎಫ್ 4351 ಎಂಬ ಚಿಪ್ಪಿನ ಸಿಗ್ನಲ್ ಹಲಗೆಯೊಂದನ್ನು ತಂದು, ಅದರ ಮೂರು ಮೂರು ಡೆಸಿಬೆಲ್‌ಗಳ ಮೆಟ್ಟಿಲುಗಳಿಗೆ ಮೀಟರನ್ನು ಹೋಲಿಸಿ ನೋಡಬೇಕು. ಅದನ್ನು ಕೇಬಲ್ಲಿನಿಂದಲೇ ಜೋಡಿಸಬೇಕು, ಆಂಟೆನಾ ಹಾಕಬಾರದು; ಅಲೆ ಬಿತ್ತರಿಸಲು ಪರವಾನಗಿ ಬೇಕು. ಇಷ್ಟೆಲ್ಲ ಮಾಡಿಯೂ ಅಳತೆಯಲ್ಲಿ ಐದಾರು ಡೆಸಿಬೆಲ್‌ಗಳ, ಅಂದರೆ ಮೂರು-ನಾಲ್ಕು ಪಟ್ಟಿನ, ಅನುಮಾನ ಉಳಿಯುತ್ತದೆಂದು ಇಟ್ಟುಕೊಳ್ಳೋಣ.

ನಾಲ್ಕು ಪಟ್ಟು ತಪ್ಪುವ ಅಳತೆಗೋಲು ಯಾವ ಕೆಲಸಕ್ಕೆ ಬಂತು ಎಂದು ಕೇಳಬಹುದು. ಇಲ್ಲಿಯೇ ಮಿತಿಯ ಅಂಕಿ ಬೇಕಾಗುವುದು. ಭಾರತ ಸರ್ಕಾರವು 2012ರ ಸೆಪ್ಟೆಂಬರ್ 1ರಿಂದ, ಅಂತಾರಾಷ್ಟ್ರೀಯ ಮಾರ್ಗಸೂಚಿಯ ಹತ್ತನೆಯ ಒಂದು ಪಾಲನ್ನು ಗೋಪುರಗಳಿಗೆ ಮಿತಿಯೆಂದು ಜಾರಿಗೆ ತಂದಿತು: 900 ಮೆಗಾಹರ್ಟ್ಸಿನಲ್ಲಿ ಚದರ ಮೀಟರಿಗೆ 0.45 ವಾಟ್, 1800ರಲ್ಲಿ 0.9 ವಾಟ್. ನಮ್ಮ ಎರಡು ತಂತಿಗಳ ಆಂಟೆನಾ 900ರಲ್ಲಿ ಸುಮಾರು 0.0145 ಚದರ ಮೀಟರಿನಷ್ಟು ಅಗಲದ ಬಲೆ. ಗುಣಿಸಿದರೆ, ಅಲೆ ಆ ಮಿತಿಯಲ್ಲಿದ್ದಾಗ ತಂತಿಗೆ ಇಳಿಯುವುದು 6.5 ಮಿಲಿವಾಟ್, ಅಂದರೆ +8 ಡಿಬಿಎಂ. 1800ಕ್ಕೆ ತಕ್ಕ ಚಿಕ್ಕ ಆಂಟೆನಾ ಮಾಡಿದರೆ ಅದು +5 ಡಿಬಿಎಂ. ಈ ಎರಡು ಅಂಕಿಗಳನ್ನು ಡಬ್ಬಿಯ ಮೇಲೆ ಬರೆದು ಅಂಟಿಸಿಬಿಡಬೇಕು. (ಇಷ್ಟು ಬಲ ನೇರವಾಗಿ ಬಿದ್ದರೆ ಎಡಿ 8318 ತನ್ನ ಹರವನ್ನು ಮೀರುತ್ತದೆ, ಮೇಲೆ ಹೇಳಿದ 20 ಡೆಸಿಬೆಲ್ ತಡೆಯಂಥದೊಂದು ಅದರ ಮುಂದೆ ಇರಲಿ.) ಹೋಲಿಕೆಗೆ ಇನ್ನೊಂದು ಅಂಕಿ: ಹಳೆಯ ಜಿಎಸ್‌ಎಂ ಫೋನು −102 ಡಿಬಿಎಂ ಸಿಕ್ಕರೂ ಮಾತು ನಡೆಸಬೇಕೆಂದು ಅದರ ಮಾನಕ ಹೇಳುತ್ತಿತ್ತು. ಮಿತಿಗೂ ಅದಕ್ಕೂ 110 ಡೆಸಿಬೆಲ್ ಅಂತರ, ಅಂದರೆ ಹತ್ತು ಸಾವಿರ ಕೋಟಿ ಪಟ್ಟು.

ಈಗ ಬಾಲ್ಕನಿಯಲ್ಲಿ ನಿಂತು ಓದಿದಾಗ −20 ಡಿಬಿಎಂ ಬಂದಿತೆನ್ನೋಣ. ಅದು ಮಿತಿಗಿಂತ 28 ಡೆಸಿಬೆಲ್ ಕೆಳಗೆ, ಆರುನೂರು ಪಟ್ಟಿಗೂ ಹೆಚ್ಚು ಕಡಿಮೆ. ನಮ್ಮ ಅಳತೆ ನಾಲ್ಕು ಪಟ್ಟು ತಪ್ಪಿದರೂ ತೀರ್ಮಾನ ಬದಲಾಗುವುದಿಲ್ಲ. ಹೊಳೆಯ ನೀರು ಹಿಮ್ಮಡಿಗಿದೆಯೋ ಕುತ್ತಿಗೆಗಿದೆಯೋ ಎಂದು ತಿಳಿಯಲು ದರ್ಜಿಯ ಟೇಪು ಬೇಕಾಗಿಲ್ಲ. ಆದರೆ ಓದು +3 ಬಂದರೆ? ಆಗ ನಮ್ಮ ಮೀಟರ್ ಸುಮ್ಮನಾಗಬೇಕು, ಹೆಚ್ಚು ನಿಖರವಾದದ್ದನ್ನು ಕರೆಸಬೇಕು. ಅದಕ್ಕೂ ದಾರಿಯಿದೆ. ದೂರಸಂಪರ್ಕ ಇಲಾಖೆಯು 2017ರಲ್ಲಿ ತೆರೆದ ‘ತರಂಗ ಸಂಚಾರ’ ಎಂಬ ತಾಣದ ಮೂಲಕ 4000 ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕರಾದರೂ ತಮ್ಮ ಜಾಗದಲ್ಲಿ ಅಳತೆ ಮಾಡಿಸಲು ಕೋರುವ ವ್ಯವಸ್ಥೆ ಮಾಡಲಾಯಿತು. ಆ ಹಣವನ್ನು ಎಲ್ಲಿ ಖರ್ಚುಮಾಡಬೇಕು, ಯಾವ ಮಹಡಿಗೆ, ಯಾವ ಕಿಟಕಿಗೆ ಅಳೆಯುವವರನ್ನು ಕರೆದೊಯ್ಯಬೇಕು ಎಂಬುದನ್ನು ತಿಳಿಸುವುದು ಮನೆಯ ಮೀಟರಿನ ಕೆಲಸ. ಜ್ವರ ನೋಡುವ ಥರ್ಮಾಮೀಟರ್ ಇಟ್ಟುಕೊಂಡವರು ವೈದ್ಯರನ್ನು ಬಿಟ್ಟವರೆಂದು ಯಾರೂ ಹೇಳುವುದಿಲ್ಲ.

ಯಾವ ಕಿಟಕಿ ಎಂಬ ಪ್ರಶ್ನೆ ಸಣ್ಣದಲ್ಲ. ಈ ಲೇಖನ ಬರೆಯಲು ನಮ್ಮನ್ನು ನಿಜವಾಗಿ ತಳ್ಳಿದ್ದು ಅದೇ. ಗೋಪುರದ ಆಂಟೆನಾ ಸುತ್ತಲೂ ಸಮನಾಗಿ ಚೆಲ್ಲುವುದಿಲ್ಲ. ಟಾರ್ಚಿನಂತೆ ಮುಂದಕ್ಕೆ, ಬಹುಮಟ್ಟಿಗೆ ಅಡ್ಡಲಾಗಿ, ತುಸು ಕೆಳಕ್ಕೆ ಬಾಗಿ ಬೀರುತ್ತದೆ. 20 ವಾಟಿನ ಪ್ರೇಷಕವನ್ನು 50 ಪಟ್ಟು ಕೇಂದ್ರೀಕರಿಸುವ ಆಂಟೆನಾಕ್ಕೆ ಕೊಟ್ಟರೆ, ಅದರ ನೇರ ಮುಂದೆ ಅದು ಸಾವಿರ ವಾಟಿನಂತೆ ಕಾಣುತ್ತದೆ. ದೂರ ಹೆಚ್ಚಿದಂತೆ ಅದು ದೂರದ ವರ್ಗಕ್ಕೆ ತಕ್ಕಂತೆ ತೆಳುವಾಗುತ್ತದೆ. 100 ಮೀಟರ್ ಆಚೆ ಚದರ ಮೀಟರಿಗೆ 0.008 ವಾಟ್, ಮಿತಿಯ ಐವತ್ತನೆಯ ಒಂದು ಭಾಗಕ್ಕಿಂತ ಕಡಿಮೆ. 20 ಮೀಟರಿನಲ್ಲಿ 0.2 ವಾಟ್, ಮಿತಿಯ ಅರ್ಧಕ್ಕೆ ಹತ್ತಿರ. ಅದೇ ಟೆರೇಸಿನ ಮೇಲೆ ಇನ್ನೆರಡು ಕಂಪನಿಗಳ ಆಂಟೆನಾಗಳು ಅದೇ ದಿಕ್ಕಿಗೆ ಮುಖಮಾಡಿದ್ದರೆ? ಲೆಕ್ಕ ಓದುಗರೇ ಮಾಡಬಹುದು.

ಗೋಪುರ ಹೊತ್ತ ಕಟ್ಟಡದ ಒಳಗಿರುವವರು ದೀಪದ ಬುಡದ ಕತ್ತಲೆಯಲ್ಲಿರುತ್ತಾರೆ. ಕಾಂಕ್ರೀಟಿನ ಮಾಳಿಗೆ ಬೇರೆ ಅಡ್ಡವಿರುತ್ತದೆ. ಕಿರಣ ಬೀಳುವುದು ರಸ್ತೆಯಾಚೆ, ಅದೇ ಎತ್ತರದ ಮಹಡಿಯ ಮೇಲೆ. ಮುಂಬಯಿಯ ಗಲ್ಲಿಗಳಲ್ಲಿ ಎದುರು ಕಟ್ಟಡ 20 ಮೀಟರಿಗಿಂತ ದೂರವೇ ಇರಬೇಕೆಂಬ ನಿಯಮ ಎಲ್ಲಿದೆ? ಬಾಡಿಗೆ ಈಚೆಯ ಸೊಸೈಟಿಗೆ, ಅಲೆ ಆಚೆಯ ಸೊಸೈಟಿಗೆ. ಈಚೆಯವರ ಸಭೆಯಲ್ಲಿ ಆಚೆಯವರಿಗೆ ಮತವಿಲ್ಲ. ಗೋಪುರದ ಪರ-ವಿರೋಧದ ಗಲಾಟೆಯಲ್ಲಿ ಮುಚ್ಚಿಹೋಗುವ ಅನ್ಯಾಯ ಇದು. ಕೆಳಗಿನ ಮಹಡಿಯವರು ತಮ್ಮ ತಲೆಯ ಮೇಲಿರುವುದಕ್ಕಾಗಿ ಹೆದರುತ್ತಾರೆ, ಎದುರಿನ ಏಳನೆಯ ಮಹಡಿಯವರು ಅದು ತಮ್ಮದಲ್ಲವೆಂದು ನಿಶ್ಚಿಂತರಾಗಿರುತ್ತಾರೆ. ಕೈಚೀಲದಲ್ಲಿಟ್ಟುಕೊಂಡು ರಸ್ತೆ ದಾಟಬಲ್ಲ ಒಂದು ಮೀಟರ್ ಈ ಎರಡನ್ನೂ ಅದಲುಬದಲು ಮಾಡೀತು.

ಅಳೆಯುವವರಿಗೆ ಒಂದೆರಡು ಮಾತು. ಆಂಟೆನಾವನ್ನು ನೆಟ್ಟಗೆ, ಅಡ್ಡಕ್ಕೆ, ಆಳಕ್ಕೆ ಮೂರೂ ದಿಕ್ಕಿಗೆ ಹಿಡಿದು ಓದಬೇಕು. ಮೂರನ್ನೂ ಮಿಲಿವಾಟಿಗೆ ತಿರುಗಿಸಿ ಆಮೇಲೆ ಕೂಡಬೇಕು. ಡಿಬಿಎಂಗಳನ್ನೇ ಕೂಡಿದರೆ ಅದು ಅಸಂಬದ್ಧ. ಈಗಿನ ನಾಲ್ಕನೆಯ, ಐದನೆಯ ಪೀಳಿಗೆಯ ಸಿಗ್ನಲುಗಳು ಗದ್ದಲದ ಸ್ವರೂಪದವು. ಇಂಥವನ್ನು ಈ ಬಗೆಯ ಲಾಗರಿದಮಿಕ್ ಚಿಪ್ಪುಗಳು ಸುಮಾರು 2.5 ಡೆಸಿಬೆಲ್ ಕಡಿಮೆ ಓದುತ್ತವೆ, ಅಷ್ಟನ್ನು ಸೇರಿಸಿಕೊಳ್ಳಬೇಕು. ಜನರ ಬಳಕೆಗೆ ತಕ್ಕಂತೆ ಗೋಪುರದ ಉತ್ಪತ್ತಿ ಏರಿಳಿಯುವುದರಿಂದ ಬೆಳಗ್ಗೆಯೂ ರಾತ್ರಿ ಒಂಬತ್ತಕ್ಕೂ ಓದಬೇಕು. ಮತ್ತು ಅಳೆಯುವಾಗ ಜೇಬಿನ ಫೋನನ್ನು ಮನೆಯೊಳಗೆ ಬಿಟ್ಟುಬರಬೇಕು.

ಆ ಕೊನೆಯ ಮಾತಿಗೆ ವಿವರಣೆ ಬೇಕು. ಈಗಿನ ಫೋನು ಗರಿಷ್ಠ 200 ಮಿಲಿವಾಟ್ ಬೀರಬಲ್ಲದು. ಅರ್ಧ ಮೀಟರ್ ದೂರದಲ್ಲಿ ಅದು ಚದರ ಮೀಟರಿಗೆ ಸುಮಾರು 0.06 ವಾಟ್; ಮೇಲಿನ ಉದಾಹರಣೆಯ ಸಾವಿರ ವಾಟಿನ ಕಿರಣ 100 ಮೀಟರಿನಲ್ಲಿ ಕೊಡುವುದಕ್ಕಿಂತ ಎಂಟು ಪಟ್ಟು. ಗೋಪುರ ದೂರವಾದಷ್ಟೂ, ಸಿಗ್ನಲ್ ಕ್ಷೀಣವಾದಷ್ಟೂ ಫೋನು ತನ್ನ ದನಿ ಏರಿಸುತ್ತದೆ. ಗೋಪುರವನ್ನು ಊರಾಚೆ ಅಟ್ಟಿದವರು ಕಿವಿಗೆ ಒತ್ತಿ ಹಿಡಿದ ಫೋನು ಹೆಚ್ಚು ಕೂಗುವಂತೆ ಮಾಡಿರುತ್ತಾರೆ. ಇದನ್ನು ಉಪನ್ಯಾಸದಿಂದ ಒಪ್ಪಿಸುವುದು ಕಷ್ಟ. ಬಾಲ್ಕನಿಯಲ್ಲಿ ಒಂದು ಸಲ, ಕಬ್ಬಿಣದ ಬಾಗಿಲಿನ ಲಿಫ್ಟಿನಲ್ಲಿ ಒಂದು ಸಲ ಕರೆ ಮಾಡಿ, ಪಕ್ಕದಲ್ಲಿ ಮೀಟರ್ ಹಿಡಿದು ತೋರಿಸಿದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಅಜ್ಜಿಯರಿಗೂ ಅರ್ಥವಾಗುತ್ತದೆ, ಮೊಮ್ಮಕ್ಕಳಿಗಿಂತ ಬೇಗ.

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಬಿಸ್ಕತ್ತಿನ ಡಬ್ಬಿಯ ಓದನ್ನು ಯಾವ ಅಧಿಕಾರಿಯೂ, ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ ಎಂಬುದು ಒಂದು. ಸರಿಯೇ, ಒಪ್ಪಲೂ ಬಾರದು. ಅದು ಸಾಕ್ಷ್ಯವಲ್ಲ, ಪ್ರಶ್ನೆ ಕೇಳುವ ಅರ್ಹತೆ. ‘ಏಳನೆಯ ಮಹಡಿಯ ಪಶ್ಚಿಮದ ಕಿಟಕಿಯಲ್ಲಿ ರಾತ್ರಿ ಒಂಬತ್ತಕ್ಕೆ ಅಳೆಯಿರಿ’ ಎಂದು ಬರೆದ ಅರ್ಜಿಯೂ, ‘ನಮಗೆ ತಲೆನೋವು ಬರುತ್ತಿದೆ’ ಎಂದು ಬರೆದ ಅರ್ಜಿಯೂ ಕಚೇರಿಯಲ್ಲಿ ಒಂದೇ ಗೌರವ ಪಡೆಯುವುದಿಲ್ಲ.

ಎರಡನೆಯದು ಹೆಚ್ಚು ಗಂಭೀರವಾದದ್ದು: ಮಿತಿಯೇ ಸರಿಯಿಲ್ಲದಿದ್ದರೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ರೇಡಿಯೋ ಅಲೆಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕವಿರಬಹುದಾದ’ 2ಬಿ ಗುಂಪಿನಲ್ಲಿ ಇರಿಸಿದ್ದು ನಿಜ. ಆ ಪ್ರಶ್ನೆಗೆ ಯಾವ ಮೀಟರೂ ಉತ್ತರ ಹೇಳಲಾರದು. ಅದು ವರ್ಷಗಟ್ಟಲೆ ಜನರ ಆರೋಗ್ಯವನ್ನು ಗಮನಿಸುವವರ ಕೆಲಸ. ಮಿತಿಯನ್ನು ಇನ್ನೂ ಇಳಿಸಿ ಎಂದು ಹೋರಾಡುವವರೊಡನೆ ನಮಗೆ ಜಗಳವಿಲ್ಲ. ಆದರೆ ಎಷ್ಟಕ್ಕೆ ಇಳಿಸಬೇಕು, ಈಗ ಎಷ್ಟಿದೆ ಎಂದು ಹೇಳಲು ಅವರಿಗೂ ಅಳತೆ ಬೇಕಲ್ಲವೇ? ಅಂಕಿಯಿಲ್ಲದೆ ಬೀದಿಗಿಳಿದವರನ್ನು ‘ಅಜ್ಞಾನಿಗಳು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಕಂಪನಿಗಳಿಗೆ ಬಹಳ ಸುಲಭವಾಗಿದೆ. ಆ ಅನುಕೂಲವನ್ನು ನಾವೇಕೆ ಮಾಡಿಕೊಡಬೇಕು?

ಪರಊರಿನಲ್ಲಿರುವ ನಮಗೆ ಇನ್ನೊಂದು ಕಾರಣವೂ ಇದೆ. ಸೊಸೈಟಿಯ ಸಭೆ ಮರಾಠಿಯಲ್ಲೋ ಹಿಂದಿಯಲ್ಲೋ ತಮಿಳಿನಲ್ಲೋ ನಡೆಯುತ್ತದೆ. ಆ ಭಾಷೆಗಳಲ್ಲಿ ವ್ಯವಹಾರ ಮಾಡಬಲ್ಲೆವು. ವಾದ ಏರಿದಾಗ ಮಾತ್ರ ನಮ್ಮ ನಾಲಗೆ ಒಂದು ಹೆಜ್ಜೆ ಹಿಂದೆ ಉಳಿಯುತ್ತದೆ. ಹಾಗೆ ಹಿಂದುಳಿದವರ ಕೈಯಲ್ಲಿ ಒಂದು ಅಂಕಿಯಿದ್ದರೆ ಅದಕ್ಕೆ ದುಭಾಷಿ ಬೇಕಾಗುವುದಿಲ್ಲ.

ಬಳಗದಲ್ಲಿ ನಾವು ಕೆಲವರು ಎಡಿ 8318ರ ಒಂದು ಮೀಟರನ್ನು ಕಟ್ಟಿ ಮನೆಯಿಂದ ಮನೆಗೆ ಕಳಿಸುತ್ತಿದ್ದೇವೆ. ಅದರೊಡನೆ ಒಂದು ನೋಟ್‌ಬುಕ್ ಹೋಗುತ್ತದೆ. ಅಂಕಣಗಳ ಹೆಸರು ಕನ್ನಡದಲ್ಲಿವೆ: ದಿನ, ಹೊತ್ತು, ಮಹಡಿ, ಕಿಟಕಿಯ ದಿಕ್ಕು, ಕಾಣುವ ಆಂಟೆನಾಗಳ ಸಂಖ್ಯೆ, ಮೂರು ದಿಕ್ಕಿನ ಓದು, ಮೊತ್ತ, ಮತ್ತು ಕೊನೆಯಲ್ಲಿ ‘ಎಷ್ಟು ತಪ್ಪಿರಬಹುದು’ ಎಂಬ ಅಂಕಣ. ಕೊನೆಯದನ್ನು ಖಾಲಿ ಬಿಟ್ಟ ಸಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಎದುರು ಕಟ್ಟಡದವರು ಕೇಳಿದರೆ ಮೀಟರನ್ನು ಅವರಿಗೂ ಕೊಡಬೇಕು, ಅವರ ಭಾಷೆ ಯಾವುದೇ ಇರಲಿ. ಪುಣೆ, ಚೆನ್ನೈಗಳ ಬಳಗದವರು ತಮ್ಮಲ್ಲಿಯೂ ಒಂದೊಂದು ಕಟ್ಟುವುದಾದರೆ ನಕ್ಷೆಯನ್ನೂ ಬಿಡಿಭಾಗಗಳ ಪಟ್ಟಿಯನ್ನೂ ಕಳಿಸಿಕೊಡುತ್ತೇವೆ; ಎರಡೂ ಕಡೆಯ ಮೀಟರುಗಳನ್ನು ಒಮ್ಮೆ ಒಂದೇ ಸಿಗ್ನಲಿನ ಮುಂದೆ ಇಟ್ಟು ಹೋಲಿಸಿ ನೋಡಬೇಕಾಗುತ್ತದೆ. ಅಳೆಯಲು ಬರುವವರು ಒಂದು 9 ವೋಲ್ಟಿನ ಹೊಸ ಬ್ಯಾಟರಿ ತರಲಿ. ಹಿಂದಿನ ಮನೆಯವರು ಸ್ವಿಚ್ ಆರಿಸಿಯೇ ಕಳಿಸಿರುತ್ತಾರೆಂದು ಹೇಳಲಾಗುವುದಿಲ್ಲ.